ಒಂದು ಮನೆಗೆ ಒಂದು ಗೋಣಿ: ದ್ವೀಪದಲ್ಲಿ ಮಳೆನೀರು ಹಿಡಿದ ಲೆಕ್ಕ

110 ಮಿ.ಮೀ. ಪೈಪಿಗೆ 114 ಮಿ.ಮೀ. ಎಲ್ಬೋ, ಅಂದರೆ ಪೈಪನ್ನು ತಿರುಗಿಸುವ ಮೊಣಕೈ ತುಂಡು, ಕೂರುವುದಿಲ್ಲ. ಮಂಗಳೂರಿನಲ್ಲಾದರೆ ಇದು ಅರ್ಧ ಗಂಟೆಯ ತಾಪತ್ರಯ. ಸ್ಕೂಟರ್ ಹತ್ತಿ ಬಂದರಿಗೆ ಹೋಗಿ, ಅಂಗಡಿಯವರ ಹತ್ತಿರ ಎರಡು ಮಾತು ಜಗಳ ಮಾಡಿ, ಬದಲಾಯಿಸಿಕೊಂಡು ಬಂದರಾಯಿತು. ಆದರೆ ಆ ಎಲ್ಬೋ ಕೈಯಲ್ಲಿ ಹಿಡಿದು ನಾನು ನಿಂತಿದ್ದದ್ದು ಲಕ್ಷದ್ವೀಪದ ಅಮಿನಿದಿವಿ ಗುಂಪಿನ ಒಂದು ದ್ವೀಪದಲ್ಲಿ. ಮುಂದಿನ ಸರಕಿನ ಮಂಜಿ ಯಾವಾಗ ಬರುತ್ತದೆ ಎಂದು ಕೇಳಿದೆ. ದಡದಲ್ಲಿ ಬಲೆ ಸರಿಮಾಡುತ್ತಿದ್ದ ಕಾಕ ತಲೆಯೆತ್ತಿ ಆಕಾಶ ನೋಡಿದರು, ಮತ್ತೆ ಬಲೆ ನೋಡಿದರು. ಅದೇ ಉತ್ತರ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. 12 ಮನೆ, ಒಂದು ಶಾಲೆ, ಒಂದು ಸಾರ್ವಜನಿಕ ಬಾವಿ. 5 ಮನೆಗೆ ಹೊಸದಾಗಿ ಮಳೆನೀರಿನ ಟ್ಯಾಂಕ್. 7 ಮನೆಯಲ್ಲಿ ಟ್ಯಾಂಕ್ ಇದೆ, ಛಾವಣಿಯ ಅಂಚಿನ ನೀರು ಹಿಡಿಯುವ ದಂಬೆ, ಪೈಪು, ಮುಚ್ಚಳ ಹಾಳಾಗಿದೆ. ಶಾಲೆಯ ಫೆರೊಸಿಮೆಂಟ್ (ಕೋಳಿಬಲೆಗೆ ಸಿಮೆಂಟ್ ಗಾರೆ ಮೆತ್ತಿ ಕಟ್ಟಿದ) ಟ್ಯಾಂಕ್ ಬಿರುಕು ಬಿಟ್ಟಿದೆ. ಬಾವಿ ಸಂಜೆಯಾಗುತ್ತಲೇ ಉಪ್ಪಾಗುತ್ತಿದೆ. ಹಣ ಅರ್ಧ ದ್ವೀಪದವರದು, ಅರ್ಧ ಅವರ ಜತೆ ತೆಂಗು, ಒಣಮೀನಿನ ವ್ಯಾಪಾರ ಇಟ್ಟುಕೊಂಡ ಬಂದರಿನ ಗೆಳೆಯರದು. ಸಾಮಾನು ಕೂಡಿಸಿ ಕಳಿಸುವುದು, ಅಲ್ಲಿ ನಿಂತು ಮಾಡಿಸುವುದು ನನ್ನ ಪಾಲಿಗೆ ಬಂತು. ದ್ವೀಪದ ಹೆಸರು ಬರೆಯುವುದಿಲ್ಲ. ಅಷ್ಟು ಸಣ್ಣ ಊರಲ್ಲಿ 'ಪಡು ಬದಿಯ ಮನೆ' ಎಂದರೆ ಸಾಕು, ಯಾರ ಮನೆ, ಯಾರ ಅಜ್ಜಿ ಎಲ್ಲ ಹೊರಬೀಳುತ್ತದೆ.

ಮಂಗಳೂರಿನವರಿಗೆ ಅಮಿನಿದಿವಿ ಪರದೇಶವೇನಲ್ಲ. ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರಾ 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ನಾರು ತಂದು ಅಕ್ಕಿ ಒಯ್ಯುತ್ತಿದ್ದ ಕಾಲದಿಂದ ಇಂದಿನವರೆಗೆ ಅಲ್ಲಿಗೆ ಸಾಮಾನು ಹೋಗುವ ದಾರಿಗಳಲ್ಲಿ ನಮ್ಮ ಹಳೆ ಬಂದರಿನ ದಕ್ಕೆಯೂ ಒಂದು. ಜಲ್ಲಿ, ಸಿಮೆಂಟು, ಈರುಳ್ಳಿ, ಆಡು ಎಲ್ಲ ಒಂದೇ ಮಂಜಿಯಲ್ಲಿ. ಮಂಜಿ ಎಂದರೆ ಇಂಜಿನ್ ಕೂರಿಸಿದ ಮರದ ಸರಕು ಹಡಗು. ಗಾಳಿ ಸರಿಯಿದ್ದರೆ ಒಂದೂವರೆ ದಿನ. ಮೇ ತಿಂಗಳ ಮಧ್ಯಕ್ಕೆ ಇದರ ಓಡಾಟ ನಿಂತರೆ ಮತ್ತೆ ಸೆಪ್ಟೆಂಬರ್ ಮಧ್ಯದವರೆಗೆ ಇಲ್ಲ. ಮಳೆ ಬರುವ ಮೊದಲು ಟ್ಯಾಂಕ್ ಕೂರಿಸಬೇಕು, ಮಳೆ ಬರುವ ಹೊತ್ತಿಗೆ ಸಾಮಾನು ತರುವ ಹಡಗೇ ಇರುವುದಿಲ್ಲ. ಈ ಕೆಲಸದ ತಲೆನೋವೆಲ್ಲ ಈ ಒಂದು ಸಾಲಿನಲ್ಲಿದೆ.

ಜನವರಿ. ಪರ್ಮಿಟ್ ಕಾಗದ ಕೈಸೇರಿದ ಮೇಲೆ ಕೊಚ್ಚಿಯಿಂದ ಹಡಗಿನಲ್ಲಿ ಹೋಗಿ ಒಂದು ವಾರ ಅಳತೆ ಮಾಡಿದೆ. ಜತೆಗೆ ಬಂದರಿನ ಒಬ್ಬ ಬ್ಯಾರಿ ಪ್ಲಂಬರ್. ದ್ವೀಪದವರ ಜೆಸರಿಯೂ ಇವನ ಬ್ಯಾರಿ ಭಾಷೆಯೂ ಮಲಯಾಳದ ನೆಂಟರು. ಅರ್ಧ ಅರ್ಥವಾಗುತ್ತದೆ, ಉಳಿದರ್ಧಕ್ಕೆ ಅವನು ನಗುತ್ತಾನೆ.

ಮೊದಲು ನೋಡಿದ್ದು ಬಾವಿ. ಹವಳದ ದ್ವೀಪದಲ್ಲಿ ಹೊಳೆ ಇಲ್ಲ, ತೊರೆ ಇಲ್ಲ. ವರ್ಷಕ್ಕೆ ಸುಮಾರು 1,600 ಮಿ.ಮೀ. ಮಳೆ ಮರಳಿಗೆ ಇಳಿದು, ಅಡಿಯಲ್ಲಿರುವ ಸಮುದ್ರದ ನೀರಿನ ಮೇಲೆ ತೇಲುತ್ತದೆ. ಸಾರಿನ ಮೇಲೆ ಒಗ್ಗರಣೆ ಎಣ್ಣೆ ನಿಂತ ಹಾಗೆ. ಸಿಹಿನೀರು ಹಗುರ, ಉಪ್ಪುನೀರು ಸ್ವಲ್ಪ ಭಾರ. ಎರಡರ ಸಾಂದ್ರತೆಯ ವ್ಯತ್ಯಾಸ ಲೆಕ್ಕ ಹಾಕಿದರೆ ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರ ಸಿಹಿನೀರು ನಿಂತಿದ್ದರೆ ಅಡಿಯಲ್ಲಿ 40 ಅಡಿ ಸಿಹಿನೀರು ಇರಬೇಕು. ಇದು ಪುಸ್ತಕದ ಲೆಕ್ಕ. ನಿಜದಲ್ಲಿ ನಡುವೆ ಅರೆ ಉಪ್ಪಿನ ಪದರವೊಂದು ಇರುವುದರಿಂದ ಕುಡಿಯುವಂಥದ್ದು ಇದಕ್ಕಿಂತ ತೀರಾ ಕಡಿಮೆ. ಇದೇ ಲೆಕ್ಕವನ್ನು ತಿರುಗಿಸಿ ಓದಿದರೆ ಹೆದರಿಕೆಯಾಗುತ್ತದೆ. ಪಂಪು ಹಾಕಿ ಬಾವಿಯ ನೀರನ್ನು ಒಂದು ಅಂಗುಲ ಇಳಿಸಿದಿರೋ, ಅಡಿಯಿಂದ ಉಪ್ಪುನೀರು 40 ಅಂಗುಲ ಮೇಲೇಳಲು ಹೊರಡುತ್ತದೆ. ಕೊಡಪಾನದಲ್ಲಿ ಸೇದುತ್ತಿದ್ದ ಅಜ್ಜಿಯರ ಕಾಲದಲ್ಲಿ ಸಿಹಿಯಾಗಿದ್ದ ಬಾವಿ ಅರ್ಧ ಎಚ್‌ಪಿ ಮೋಟರ್ ಬಂದ ಮೇಲೆ ಸಪ್ಪೆಯಾಗಿ, ಆಮೇಲೆ ಉಪ್ಪಾಗಿದ್ದು ಹೀಗೆ.

ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಟಿಡಿಎಸ್ ಪೆನ್ನು ಅದ್ದಿದೆ. ಬೆಳಿಗ್ಗೆ 6 ಗಂಟೆಗೆ ಲೀಟರಿಗೆ 700 ಮಿ.ಗ್ರಾಂ. ಮೋಟರ್ 40 ನಿಮಿಷ ಓಡಿದ ಮೇಲೆ 1,850. ನಮ್ಮಲ್ಲಿ ಕುಡಿಯುವ ನೀರಿಗೆ 500 ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 2,000ದವರೆಗೆ ಒಪ್ಪಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಸಂಜೆಯ ನೀರಿನಲ್ಲಿ ಮಾಡಿದ ಚಹಾ ಕುಡಿದವರು ಮಾನಕ ಕೇಳುವುದಿಲ್ಲ.

"ಸಮುದ್ರದ ನೀರನ್ನೇ ಸಿಹಿ ಮಾಡುವ ಘಟಕ ಬಂದಿದೆಯಲ್ಲ, ಇದೆಲ್ಲ ಯಾಕೆ?" ಎಂದು ಊರಲ್ಲಿ ಕೆಲವರು ಕೇಳಿದರು. ಬಂದಿದೆ, ಒಳ್ಳೆಯದೂ ಹೌದು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ 1 ಲಕ್ಷ ಲೀಟರಿನದನ್ನು ಶುರು ಮಾಡಿತು. 2011ರಲ್ಲಿ ಮಿನಿಕಾಯ್, ಅಗತ್ತಿ. 2024ರ ಜನವರಿಯಲ್ಲಿ ಕದಮತ್‌ನ ಒಂದೂವರೆ ಲಕ್ಷ ಲೀಟರಿನ ಘಟಕದ ಉದ್ಘಾಟನೆಯಾಯಿತು. ಮೇಲ್ಮೈಯ ಬೆಚ್ಚನೆಯ ನೀರನ್ನು ನಿರ್ವಾತದ ಕೋಣೆಗೆ ಬಿಟ್ಟರೆ 28 ಡಿಗ್ರಿಯಲ್ಲೇ ಆವಿಯಾಗುತ್ತದೆ. ನೂರಾರು ಮೀಟರ್ ಆಳದಿಂದ ಉದ್ದನೆಯ ಪೈಪಿನಲ್ಲಿ ಎಳೆದ ತಣ್ಣನೆಯ ನೀರು ಆ ಆವಿಯನ್ನು ಮತ್ತೆ ನೀರಾಗಿಸುತ್ತದೆ. ರಾಸಾಯನಿಕವಿಲ್ಲ, ಉರಿ ಇಲ್ಲ. ನೋಡಿದರೆ ಮಂತ್ರವೇ. ಆದರೆ ಪಂಪು ತಿರುಗಲು ಕರೆಂಟು ಬೇಕು, ಕರೆಂಟಿಗೆ ಡೀಸೆಲ್ ಬೇಕು, ಡೀಸೆಲ್ ಬರುವುದು ಹಡಗಿನಲ್ಲಿ. 2017ರ ಓಖಿ, 2021ರ ತೌಕ್ತೆ ಎರಡನ್ನೂ ನೋಡಿದ ಜನ ಇವರು. ಚಂಡಮಾರುತದ ಮರುದಿನ ಅಡುಗೆಮನೆಯ ಹಿಂದೆ ನಾಲ್ಕು ಸಾವಿರ ಲೀಟರ್ ಇದ್ದರೆ ಅದರ ಬೆಲೆ ಬೇರೆ. ಘಟಕ ಬೇಕು, ಟ್ಯಾಂಕೂ ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಬೇಡ ಎನ್ನುವವರ ಜತೆ ನನಗೆ ಚರ್ಚೆ ಮಾಡಲು ತ್ರಾಣವಿಲ್ಲ.

ಟ್ಯಾಂಕಿನ ಗಾತ್ರದ ಲೆಕ್ಕ ಸುಲಭ. ಮಾಡು, ಅಂದರೆ ಛಾವಣಿ, 60 ಚದರ ಮೀಟರ್, ಮಳೆ 1,600 ಮಿ.ಮೀ., ಸೋರಿ ಚೆಲ್ಲಿ ಹೋದದ್ದು ಕಳೆದರೂ 76,000 ಲೀಟರ್ ಸಿಗುತ್ತದೆ. ಹಿಡಿಯುವುದು ಸಮಸ್ಯೆಯಲ್ಲ, ಇಡುವುದು ಸಮಸ್ಯೆ. ಆರು ಜನರ ಮನೆ, ಕುಡಿಯಲು ಬೇಯಿಸಲು ತಲೆಗೆ 8 ಲೀಟರ್, ಮಳೆಯಿಲ್ಲದ 150 ದಿನ ಎಂದರೆ 7,200 ಲೀಟರ್. ಮಳೆಗಾಲ ಮೊದಲಿನ ಹಾಗೆ ಹೇಳಿದ ಹೊತ್ತಿಗೆ ಬರುವುದಿಲ್ಲ, ನಡುವೆ ಕೈಕೊಡುತ್ತದೆ. ಹಾಗಾಗಿ 190 ದಿನ ಹಿಡಿದೆ. 9,120. ಅಂದರೆ ಮನೆಗೆ 10,000 ಲೀಟರ್. ಮದುವೆ ಬಂದರೆ ಈ ಲೆಕ್ಕ ಒಂದೇ ದಿನದಲ್ಲಿ ಮುಳುಗುತ್ತದೆ, ಅದು ಬೇರೆ ಮಾತು. 10,000ದ ಒಂದೇ ಟ್ಯಾಂಕ್ ಬೇಡ, 5,000ದ ಎರಡು ಸಿಂಟೆಕ್ಸ್ ಇರಲಿ ಎಂದು ನಿಶ್ಚಯಿಸಿದೆ. ಒಂದು ಒಡೆದರೂ ಇನ್ನೊಂದು ಉಳಿಯುತ್ತದೆ, ಮತ್ತೆ ದೊಡ್ಡದನ್ನು ಮಂಜಿಯಿಂದ ಇಳಿಸುವ ಕ್ರೇನು ಅಲ್ಲಿಲ್ಲ.

ಜಾಗ ಗುರುತು ಮಾಡುವಾಗ ಒಂದು ತಪ್ಪು ಮಾಡಿದೆ. ಮನೆಯ ಗಂಡಸರನ್ನು ಕೇಳಿ ಸುಣ್ಣದಲ್ಲಿ ಗೆರೆ ಹಾಕಿದೆ. ಎಲ್ಲರೂ "ಆಯಿತು ಆಯಿತು" ಎಂದರು. ಮರುದಿನ ಬೆಳಿಗ್ಗೆ ಐದರಲ್ಲಿ ಮೂರು ಗೆರೆ ಕಾಲಲ್ಲಿ ಒರೆಸಿಹೋಗಿತ್ತು. ದ್ವೀಪದಲ್ಲಿ ತರವಾಡಿನ ಮನೆ ಹೆಂಗಸರ ಕಡೆಯಿಂದ ಇಳಿದು ಬರುತ್ತದೆ, ನಮ್ಮ ತುಳುನಾಡಿನ ಅಳಿಯಕಟ್ಟಿನ ಹಾಗೆ. ಅಳಿಯಕಟ್ಟಿನ ಮನೆಯಲ್ಲೇ ಹುಟ್ಟಿದ ನನಗೆ ಇದನ್ನು ಯಾರಾದರೂ ಹೇಳಿಕೊಡಬೇಕಿತ್ತೇ? ಒಂದು ಮನೆಯ ಉಮ್ಮ ನನ್ನನ್ನು ಹಿಂದಿನ ಬಾಗಿಲಿಗೆ ಕರೆದುಕೊಂಡು ಹೋಗಿ, "ನೀರು ಮುಗಿದಾಗ ಅವರು ನೋಡುವುದಿಲ್ಲ, ನಾನು ನೋಡುವುದು. ನಳ್ಳಿ ಇಲ್ಲಿ ಬರಬೇಕು" ಎಂದು ಕಾಲಿನ ಹೆಬ್ಬೆರಳಲ್ಲಿ ಮರಳಿನ ಮೇಲೆ ಗುರುತು ಮಾಡಿದರು. ಅಲ್ಲೇ ಬಂತು.

ಫೆಬ್ರವರಿ. ಮೊದಲ ಮಂಜಿ. ನಾನು ದೊಡ್ಡ ಶಿಸ್ತಿನಲ್ಲಿ ಪಟ್ಟಿ ಮಾಡಿದ್ದೆ. ಪೈಪೆಲ್ಲ ಒಂದು ಕಟ್ಟು. ಎಲ್ಬೋ, ಟೀ, ಕಪ್ಲಿಂಗ್ ಒಂದೊಂದು ಪೆಟ್ಟಿಗೆ. ಕ್ಲಾಂಪು ಒಂದು, ಪೈಪು ಅಂಟಿಸುವ ಸಲ್ಯೂಷನ್ ಡಬ್ಬ ಒಂದು. ಗೋದಾಮಿಗೆ ಇದು ಸರಿ. ದಕ್ಕೆಯಲ್ಲಿ ಹೊರೆ ಏರಿಸುವ ಕೊನೆಯ ಗಂಟೆಯಲ್ಲಿ ಮಂಜಿ ನಡೆಸುವ ತಂಡೇಲರು "ಹೊರೆ ಜಾಸ್ತಿಯಾಯಿತು ಮಾರಾಯ್ರೆ, ಇನ್ನು ಆಗುವುದಿಲ್ಲ" ಎಂದರು. ನಾಲ್ಕು ಪೆಟ್ಟಿಗೆ ದಕ್ಕೆಯಲ್ಲೇ ಉಳಿಯಿತು. ಅದರಲ್ಲಿ ಒಂದು ಕ್ಲಾಂಪಿನ ಪೆಟ್ಟಿಗೆ. ಪೈಪು, ದಂಬೆ, ಎಲ್ಬೋ ಎಲ್ಲ ದ್ವೀಪ ಸೇರಿತು, ಆದರೆ ಕ್ಲಾಂಪಿಲ್ಲದೆ 12 ಮನೆಯಲ್ಲಿ ಒಂದಕ್ಕೂ ದಂಬೆ ನಿಲ್ಲಿಸಲಾಗಲಿಲ್ಲ. ಒಂದು ಪೆಟ್ಟಿಗೆ ತಪ್ಪಿದ್ದಕ್ಕೆ 12 ಮನೆ ಕಾದು ಕೂತವು. ತಂಡೇಲರದೇನೂ ತಪ್ಪಲ್ಲ, ಅವರು ಹಡಗು ಮುಳುಗದ ಹಾಗೆ ನೋಡಿಕೊಂಡರು.

ಅದರ ಮೇಲೆ ಎಲ್ಬೋ. ಅಂಗಡಿಯಲ್ಲಿ "ನಾಲ್ಕಿಂಚು" ಎಂದು ಕೇಳಿದ್ದು ನನ್ನದೇ ತಪ್ಪು. ಹೊಲಕ್ಕೆ, ಮಳೆನೀರಿಗೆ ಹಾಕುವ ಬೂದು ಪೈಪಿನ ಹೊರವ್ಯಾಸ 110 ಮಿ.ಮೀ. ಮನೆಯೊಳಗಿನ ಪ್ಲಂಬಿಂಗಿಗೆ ಬರುವ ಬಿಳಿ ನಾಲ್ಕಿಂಚಿನದು 114.3. ಎರಡಕ್ಕೂ ಅಂಗಡಿಯ ಬಾಯಲ್ಲಿ ನಾಲ್ಕಿಂಚೇ. ಪೈಪು ಒಂದು ಜಾತಿ, ಎಲ್ಬೋ ಇನ್ನೊಂದು ಜಾತಿ ಬಂದಿತ್ತು. ಎಲ್ಬೋ ಒಳಗೆ ಪೈಪು ಗಂಟೆಯ ನಾಲಗೆಯ ಹಾಗೆ ಅಲ್ಲಾಡುತ್ತಿತ್ತು.

ಉಪಾಯ ಹೊಳೆದದ್ದು ಪ್ಲಂಬರಿಗೆ. ಪೈಪಿನ ದಪ್ಪ ಅಳೆದರೆ 2 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಸುತ್ತ ಬೇಕಾದ ತುಂಬಿಕೆಯೂ ಅಷ್ಟೇ! ಪೈಪಿನಿಂದಲೇ ಎರಡು ಅಂಗುಲದ ಬಳೆ ಕತ್ತರಿಸಿದ. ಬಳೆಯನ್ನು ಉದ್ದಕ್ಕೆ ಒಮ್ಮೆ ಸೀಳಿದ. ತೆಂಗಿನ ಸಿಪ್ಪೆಯ ಕೆಂಡದ ಮೇಲೆ, ಉರಿ ತಾಗದ ಎತ್ತರದಲ್ಲಿ ಹಿಡಿದ. ಬಾಡಿಸಿದ ಬಾಳೆಎಲೆಯ ಹಾಗೆ ಬಳುಕುವಷ್ಟು ಮೆತ್ತಗಾದಾಗ ಪೈಪಿನ ತುದಿಗೆ ಸುತ್ತಿ, ಒದ್ದೆ ಬಟ್ಟೆಯಲ್ಲಿ ಒತ್ತಿ ಹಿಡಿದ. ಆರಿದ ಮೇಲೆ ತೆಗೆದು, ಸಲ್ಯೂಷನ್ ಹಚ್ಚಿ ಮತ್ತೆ ಹಾಕಿದ. ಹೊರಗೆ ಹಾಕಿದ ಬಳೆ ಪೂರ್ತಿ ಮುಚ್ಚುವುದಿಲ್ಲ, ಸೀಳಿನಲ್ಲಿ ಸುಮಾರು 14 ಮಿ.ಮೀ. ಬಾಯಿ ಉಳಿಯುತ್ತದೆ. ಅಷ್ಟೇ ಅಗಲದ ಇನ್ನೊಂದು ಪಟ್ಟಿ ಕತ್ತರಿಸಿ ಅಲ್ಲಿ ಅಂಟಿಸಿದ. ಅಡ್ಡ ಮಲಗುವ ಪೈಪಿನಲ್ಲಿ ಆ ಸೀಳನ್ನು ಮೇಲ್ಮುಖ ಮಾಡಿದ. ಮೊದಲ ಕೀಲಿಗೆ ಒಂದು ಗಂಟೆ ಹಿಡಿಯಿತು, ಹತ್ತನೆಯದಕ್ಕೆ ಹನ್ನೆರಡು ನಿಮಿಷ. ಎರಡೂವರೆ ದಿನದಲ್ಲಿ 41 ಕೀಲು ಮುಗಿಯಿತು. ಒತ್ತಡದ ಲೈನಿಗೆ ಇದನ್ನು ಯಾರೂ ಮಾಡಬೇಡಿ. ಮಾಡಿನಿಂದ ತಾನಾಗಿ ಇಳಿಯುವ ಮಳೆನೀರಿಗೆ ಸಾಕು. ಮತ್ತೆ, ಗಾಳಿ ಬರುವ ಬದಿಗೆ ನಿಂತು ಮಾಡಿ. ಪಿವಿಸಿ ಸುಟ್ಟರೆ ಬರುವ ಹೊಗೆ ಒಳ್ಳೆಯದಲ್ಲ.

ಆ ರಾತ್ರಿ ಹಳೆಯ ಪಟ್ಟಿಯನ್ನು ಹರಿದು ಹೊಸದು ಬರೆದೆ. ಇನ್ನು ಜಾತಿವಾರು ಪೆಟ್ಟಿಗೆ ಇಲ್ಲ, ಒಂದು ಮನೆಗೆ ಒಂದು ಗೋಣಿ. ಆ ಮನೆಗೆ ಬೇಕಾದ ಎಲ್ಬೋ, ಕ್ಲಾಂಪು, ಸ್ಕ್ರೂ, ವಾಷರ್, ಜಾಳಿಗೆ, ನಳ್ಳಿ, ಅರ್ಧ ಡಬ್ಬ ಸಲ್ಯೂಷನ್, ಟೇಪು, ಕೊನೆಗೆ ಹ್ಯಾಕ್ಸಾ ಬ್ಲೇಡು ಸಹ ಅದೇ ಗೋಣಿಯೊಳಗೆ. ಹೊರಗೆ ಪೇಂಟಿನಲ್ಲಿ ಮನೆ ನಂಬರ್. ಮಂಜಿಯಲ್ಲಿ ಐದೇ ಗೋಣಿಗೆ ಜಾಗ ಸಿಕ್ಕಿದರೂ ಐದು ಮನೆ ಪೂರ್ತಿ ಮುಗಿಯುತ್ತದೆ. ಒಂದು ಗೋಣಿ ನೀರಿಗೆ ಬಿದ್ದರೆ ಹೋಗುವುದು ಒಂದೇ ಮನೆ. ಖರ್ಚು ಸ್ವಲ್ಪ ಹೆಚ್ಚು. ಸಲ್ಯೂಷನ್ ದೊಡ್ಡ ಡಬ್ಬ ಅಗ್ಗ, ಸಣ್ಣದು ದುಬಾರಿ. ಒಬ್ಬ ಗೆಳೆಯ ಇದೇ ವಿಷಯಕ್ಕೆ ಫೋನಿನಲ್ಲಿ ಕಾಲು ಗಂಟೆ ಕೊರೆದ. ಒಮ್ಮೆ ನನ್ನ ಜತೆ ದಕ್ಕೆಗೆ ಬಂದು ನಿಲ್ಲು ಎಂದೆ. ಬಂದ, ನಿಂತ, ಆಮೇಲೆ ಮಾತಾಡಲಿಲ್ಲ.

ಮಾರ್ಚ್. ಎರಡನೇ ಮಂಜಿಯಲ್ಲಿ 12 ಗೋಣಿ, 10 ಸಿಂಟೆಕ್ಸ್. ಟ್ಯಾಂಕ್ ಭಾರವಿಲ್ಲ, ಆದರೆ ಜಾಗ ತಿನ್ನುತ್ತದೆ. ಬಾಡಿಗೆಯೂ ಆ ಲೆಕ್ಕದಲ್ಲೇ. ಖಾಲಿ ಟ್ಯಾಂಕಿನ ಹೊಟ್ಟೆಯೊಳಗೆ ಹಾಸಿಗೆ, ಹಗ್ಗ, ಯಾರದೋ ಮದುವೆಯ ಕುರ್ಚಿ ತುಂಬಿಸಿಕೊಳ್ಳಲು ತಂಡೇಲರಿಗೆ ಒಪ್ಪಿಗೆ ಕೊಟ್ಟೆ, ಬಾಡಿಗೆ ಸ್ವಲ್ಪ ಇಳಿಯಿತು.

ಮಂಜಿ ಹವಳದ ದಿಬ್ಬದ ನಡುವಿನ ಬಾಯಿಯಿಂದ ಲಗೂನಿಗೆ, ಅಂದರೆ ದಿಬ್ಬದೊಳಗಿನ ಆಳವಿಲ್ಲದ ಕಡಲಿಗೆ, ಬಂದು ನಿಂತಿತು. ಅಲ್ಲಿಂದ ದಡಕ್ಕೆ ಸಣ್ಣ ದೋಣಿ. ದೋಣಿಗೆ ಟ್ಯಾಂಕ್ ಹಿಡಿಸುವುದಿಲ್ಲ. "ನೀರಿಗೆ ಬಿಡಿ, ಎಳೆದುಕೊಂಡು ಹೋಗುವ" ಎಂದರು ಕಾಕ. ಮುಚ್ಚಳ ಬಿಗಿದು, ಪೈಪಿನ ತೂತಿಗೆ ಚಿಪ್ಪು ಕೆತ್ತಿ ಬಿರಡೆ ಹಾಕಿ, ಒಂದೊಂದಾಗಿ ಲಗೂನಿಗೆ ಉರುಳಿಸಿದರು. ಕಪ್ಪು ಟ್ಯಾಂಕುಗಳು ಎಮ್ಮೆ ಮಂದೆಯ ಹಾಗೆ ತೇಲಿದವು. ಮೂರು ಮೂರನ್ನು ಹಗ್ಗದಲ್ಲಿ ಕಟ್ಟಿ ದೋಣಿ ಎಳೆಯಿತು. ಒಂಬತ್ತು ದಡ ಸೇರಿತು. ಹತ್ತನೆಯದನ್ನು ಕಟ್ಟುವ ಮೊದಲೇ ಗಾಳಿ ಹಿಡಿಯಿತು. ಖಾಲಿ ಟ್ಯಾಂಕ್ ಎಂದರೆ ಗಾಳಿಗೆ ಹಾಯಿ ಇದ್ದ ಹಾಗೆ. ನಾವು ನೋಡುತ್ತಿದ್ದ ಹಾಗೆಯೇ ಅದು ದಿಬ್ಬದ ಬಾಯಿಯ ಕಡೆ ಹೊರಟಿತು. ಹನ್ನೆರಡು ವರ್ಷದ ಇಬ್ಬರು ಹುಡುಗರು ಬೈಗುಳಕ್ಕೂ ಕಾಯದೆ ಧುಮುಕಿ ಈಜಿ, ಅದರ ಮೇಲೆ ಹತ್ತಿ ಕೂತು, ಕೈಯಲ್ಲೇ ಹುಟ್ಟು ಹಾಕುತ್ತ ತಿರುಗಿಸಿದರು. ದಡಕ್ಕೆ ಬಂದ ಮೇಲೆ ಕಾಕ ಇಬ್ಬರ ಕಿವಿಯನ್ನೂ ಹಿಂಡಿದರು, ಆಮೇಲೆ ತಲೆ ಸವರಿದರು. ಆ ಟ್ಯಾಂಕ್ ಈಗ ಆ ಹುಡುಗರಲ್ಲಿ ಒಬ್ಬನ ಮನೆಯಲ್ಲಿದೆ. ನಾನು ಹಂಚಿದ್ದಲ್ಲ, ಅವನೇ ಉರುಳಿಸಿಕೊಂಡು ಹೋದ.

ಟ್ಯಾಂಕಿಗೆ ಮೊದಲು ಮೊದಲ ಮಳೆಯ ಕೊಳೆ ಕಳೆಯುವ ಪೈಪು. ಬೇಸಿಗೆಯಿಡೀ ಸಮುದ್ರದ ಗಾಳಿ ಮಾಡಿನ ಮೇಲೆ ಉಪ್ಪು ಕೂರಿಸುತ್ತದೆ. ಹಾಗಾಗಿ ಇಲ್ಲಿ ಕಸ, ಇಲಿಯ ಹಿಕ್ಕೆಗಿಂತ ಉಪ್ಪೇ ಮುಖ್ಯ. 60 ಚದರ ಮೀಟರ್ ಮಾಡಿನ ಮೇಲೆ ಅರ್ಧ ಮಿ.ಮೀ. ಮಳೆ ಎಂದರೆ 30 ಲೀಟರ್. 160 ಮಿ.ಮೀ. ಪೈಪನ್ನು 1.8 ಮೀಟರ್ ಉದ್ದಕ್ಕೆ ನೆಟ್ಟಗೆ ನಿಲ್ಲಿಸಿದರೆ 32 ಲೀಟರ್ ಹಿಡಿಯುತ್ತದೆ. ಮೇಲೆ ಒಂದು ಪ್ಲಾಸ್ಟಿಕ್ ಚೆಂಡು. ಪೈಪು ತುಂಬಿದಾಗ ಚೆಂಡು ತೇಲಿ ಬಾಯಿ ಮುಚ್ಚಿ ನೀರು ಟ್ಯಾಂಕಿನ ಕಡೆ ತಿರುಗುತ್ತದೆ. ಕೆಳಗೆ ಕ್ಯಾಪಿನಲ್ಲಿ ಸೂಜಿಯ ತೂತು, ಮಳೆ ನಿಂತ ಮೇಲೆ ತಾನಾಗಿ ಖಾಲಿಯಾಗಲು. ಒಂದು ಮನೆಗೆ ಮಾಡು ಇನ್ನೂ ಮಂಗಳೂರು ಹಂಚಿನದು. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಶುರು ಮಾಡಿದ ಹಂಚಿನ ಉದ್ಯಮ ಕಡಲು ದಾಟಿ ಎಲ್ಲೆಲ್ಲಿಗೋ ಹೋಯಿತಲ್ಲ. ಹಂಚಿಗೆ ಪಾಚಿ ಹಿಡಿದಿತ್ತು, ಉಜ್ಜಿ ತೊಳೆಯುವಾಗ ಅಡಿಯಲ್ಲಿ ಊರಿನ ಹೆಸರು ಕಾಣಿಸಿತು. ಪ್ಲಂಬರ್ ಫೋಟೊ ತೆಗೆದು ತಾಯಿಗೆ ಕಳಿಸಿದ.

ಏಪ್ರಿಲ್. ಶಾಲೆಯ ಟ್ಯಾಂಕ್. ಒಳಗೆ ಇಳಿದು ಸುತ್ತಿಗೆಯಲ್ಲಿ ಬಡಿದರೆ ಕೆಲವು ಕಡೆ ಟಣ್, ಕೆಲವು ಕಡೆ ಡಬ್. ಡಬ್ ಎಂದ ಕಡೆ ಒಡೆದರೆ ಕೋಳಿಬಲೆ ತುಕ್ಕು ಹಿಡಿದು ಹುರಿದ ಶ್ಯಾವಿಗೆಯ ಹಾಗೆ ಉದುರಿತು. ಗಾರೆಯಲ್ಲಿ ಬಿಳಿ ಚೂರು, ಶಂಖದ ಪುಡಿ. ಯಾವಾಗಲೋ ಯಾರೋ ಕಡಲ ಮರಳಲ್ಲೇ ಕಲಸಿದ್ದಾರೆ. ಉಪ್ಪು ಕಬ್ಬಿಣವನ್ನು ಒಳಗಿನಿಂದಲೇ ತಿಂದಿದೆ. ನಾವು ಮಂಗಳೂರಿನಿಂದ ಹೊಳೆಮರಳನ್ನು ಚೀಲದಲ್ಲಿ ತಂದಿದ್ದೆವು. ಸಿಮೆಂಟು ಒಂದಕ್ಕೆ ಮರಳು ಎರಡೂವರೆ, ನೀರು ಎಷ್ಟು ಕಡಿಮೆ ಸಾಧ್ಯವೋ ಅಷ್ಟು.

ಆ ನೀರು ಯಾವುದು? ಕಬ್ಬಿಣವಿರುವ ಕಾಂಕ್ರೀಟಿಗೆ ಕಲಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ ಮೀರಬಾರದು ಎಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಬಾವಿಯ ಬೆಳಗಿನ ನೀರು 700. ಅದಿಷ್ಟೂ ಅಡುಗೆ ಉಪ್ಪೇ ಎಂದುಕೊಂಡರೂ ಕ್ಲೋರೈಡ್ 425, ಪರವಾಗಿಲ್ಲ. ಸಂಜೆಯ 1,850ರ ನೀರು ಹಾಕಿದರೆ ಸಾವಿರ ದಾಟುತ್ತದೆ. ಮೇಸ್ತ್ರಿಗೆ ಹೇಳಿದ್ದು ಒಂದೇ ಮಾತು: ಬೆಳಿಗ್ಗೆ ಮೋಟರ್ ಹಾಕುವ ಮೊದಲು ಕೊಡದಲ್ಲಿ ಸೇದಿದ ನೀರು ಮಾತ್ರ. ಅವರು ಅದನ್ನು ನಮಾಜಿನ ಹೊತ್ತಿನ ಹಾಗೆ ಪಾಲಿಸಿದರು. ಹತ್ತು ದಿನ ಒದ್ದೆ ಗೋಣಿ ಹೊದಿಸಿ ಕ್ಯೂರಿಂಗ್. ಅದಕ್ಕೂ ಬೆಳಗಿನ ನೀರೇ. ಶಾಲೆಯ ಮಕ್ಕಳು ಬರುವಾಗ ತಲಾ ಒಂದು ಬಾಟಲಿ ತಂದು ಗೋಣಿಯ ಮೇಲೆ ಸುರಿಯುತ್ತಿದ್ದರು. ಕೆಲವರು ಒಬ್ಬರ ಮೇಲೊಬ್ಬರು ಸುರಿದುಕೊಂಡದ್ದನ್ನು ಟೀಚರ್ ಲೆಕ್ಕಕ್ಕೆ ಹಿಡಿಯಲಿಲ್ಲ.

ಮೇ ಮೊದಲ ವಾರ. ಬಾವಿ. ನನ್ನ ಮನಸ್ಸಿನಲ್ಲಿದ್ದದ್ದು ಸೋಲಾರ್ ಪಂಪು. ಬಿಸಿಲಿರುವಾಗ ಮೆಲ್ಲಗೆ, ದಿನವಿಡೀ ಎಳೆಯುತ್ತದೆ, ಇಂಥ ಬಾವಿಗೆ ಹೇಳಿ ಮಾಡಿಸಿದ್ದು. ಊರಿನ ಎಲೆಕ್ಟ್ರಿಷಿಯನ್ ಕೇಳಿದ: "ಕಂಟ್ರೋಲರ್ ಸುಟ್ಟರೆ ಯಾರು ಸರಿ ಮಾಡುವುದು, ಇಂಜಿನಿಯರೇ?" ನನ್ನಲ್ಲಿ ಉತ್ತರವಿರಲಿಲ್ಲ. ಇದ್ದ ಮೋಟರನ್ನೇ ಉಳಿಸಿ, ಒಂದು ಟೈಮರ್, ಒಂದು ಗೇಟ್ ವಾಲ್ವ್ ಹಾಕಿದೆವು. ಮೊದಲು ಬೆಳಿಗ್ಗೆ 40, ಸಂಜೆ 40 ನಿಮಿಷ, ನಿಮಿಷಕ್ಕೆ 30 ಲೀಟರ್, ಒಟ್ಟು 2,400. ಈಗ ವಾಲ್ವ್ ತಿರುಗಿಸಿ ನಿಮಿಷಕ್ಕೆ 20 ಲೀಟರಿಗೆ ಇಳಿಸಿ, ಗಂಟೆಗೆ ಹತ್ತು ನಿಮಿಷದಂತೆ 12 ಗಂಟೆ. ಅದೂ 2,400. ನೀರು ಅಷ್ಟೇ, ಎಳೆಯುವ ರೀತಿ ಬೇರೆ.

ಇನ್ನೊಂದು ತಪ್ಪು ಬಾವಿಯ ತಳದಲ್ಲಿತ್ತು. ಮೋಟರಿಗೆ ನೀರು ಎಳೆಯುವ ಪೈಪಿನ ತುದಿಯ ಫುಟ್‌ವಾಲ್ವ್ ಅಡಿ ಮುಟ್ಟಿತ್ತು, ಅಂದರೆ ಉಪ್ಪು ಇರುವಲ್ಲಿಗೇ ಬಾಯಿ ಹಾಕಿತ್ತು. ಅದನ್ನು ತೇಲಿಸಬೇಕು. 110ರ ಪೈಪಿನ ಎರಡು ಅಡಿ ಉದ್ದದ ಎರಡು ತುಂಡಿಗೆ ಎರಡೂ ಬದಿ ಕ್ಯಾಪ್ ಅಂಟಿಸಿ ತೆಪ್ಪ ಮಾಡಿದೆವು. ಅದರ ಅಡಿಯಲ್ಲಿ ಒಂದು ಗೇಣು ಕೆಳಗೆ ಫುಟ್‌ವಾಲ್ವ್ ತೂಗುಹಾಕಿ, ಬಾಗುವ ಹೋಸಿನಲ್ಲಿ ಮೋಟರಿಗೆ ಸೇರಿಸಿದೆವು. ಹವಳದ ದ್ವೀಪದ ಬಾವಿ ಸಮುದ್ರದ ಇಳಿತ ಭರತಕ್ಕೆ ತಾನೂ ಇಳಿದೇರುತ್ತದೆ. ತೆಪ್ಪವೂ ಜತೆಗೆ ಇಳಿದೇರುತ್ತದೆ. ಸ್ವಿಚ್ ಹಾಕಿದೆವು. ಮೂರು ನಿಮಿಷ ಚೆನ್ನಾಗಿ ಓಡಿ, ಗೊರಗೊರ ಎಂದು ಗಾಳಿ ಎಳೆದು ನಿಂತಿತು. ಪೈಪಿಗೆ ನೀರು ತುಂಬಿ ಗಾಳಿ ತೆಗೆದು ಮತ್ತೆ ಹಾಕಿದರೆ ಮತ್ತೆ ಅದೇ. ಬಗ್ಗಿ ನೋಡಿದರೆ ನೀರಿನ ಮೇಲೆ ಸಣ್ಣ ಸುಳಿ. ಗಾಳಿ ಆ ಸುಳಿಯ ದಾರಿಯಲ್ಲಿ ಒಳಗೆ ಹೋಗುತ್ತಿತ್ತು. ಸುಳಿ ಮುರಿಯಲು ಮೇಲೊಂದು ಅಗಲದ ಮುಚ್ಚಳ ಬೇಕು. ಚಹಾದ ಅಂಗಡಿಯಿಂದ ಸ್ಟೀಲ್ ತಟ್ಟೆ ತಂದು ನಡುವೆ ತೂತು ಕೊರೆದು ಹೋಸಿಗೆ ತೂರಿಸಿ, ಫುಟ್‌ವಾಲ್ವಿನ ನೆತ್ತಿಗೆ ಕೊಡೆಯ ಹಾಗೆ ಬಿಗಿದೆವು. ಸುಳಿ ಹೋಯಿತು. ಅಂಗಡಿಯವರಿಗೆ ತಟ್ಟೆಯ ದುಡ್ಡು ಕೊಡಲು ಹೋದರೆ ಬೇಡ ಎಂದರು, ತಟ್ಟೆಯ ಕಥೆಯನ್ನು ಮಾತ್ರ ಬಂದವರಿಗೆಲ್ಲ ಹೇಳಿದರು. ನಾಲ್ಕು ದಿನ ಬೆಳಿಗ್ಗೆ ಸಂಜೆ ಅಳೆದೆ. ಸಂಜೆಯ ಓದು 900 ದಾಟಲಿಲ್ಲ.

ಕೊನೆಯ ಮಂಜಿಯಲ್ಲಿ ಊರಿಗೆ ಬಂದೆ. ಹೊರಡುವ ಮೊದಲು ಶಾಲೆಯ ಟೀಚರಿಗೆ ಟಿಡಿಎಸ್ ಪೆನ್ನು, ಒಂದು ನೋಟ್‌ಬುಕ್, 20 ಎಚ್2ಎಸ್ ಬಾಟಲಿ ಕೊಟ್ಟಿದ್ದೆ. ಬಾಟಲಿಗೆ ಗೆರೆಯವರೆಗೆ ನೀರು ತುಂಬಿ ಬೆಚ್ಚಗೆ ಇಟ್ಟರೆ, ಒಂದೆರಡು ದಿನದಲ್ಲಿ ಕಪ್ಪಾದರೆ ಆ ನೀರಿಗೆ ಕಕ್ಕಸಿನ ಸೋಂಕು ತಗಲಿದೆ ಎಂದು ಸಂಶಯಪಡಬೇಕು. ಬ್ಲೀಚಿಂಗ್ ಪುಡಿಯನ್ನೂ ಕೊಟ್ಟಿದ್ದೆ. ಸಮುದ್ರದ ತೇವಕ್ಕೆ ಆಗಲೇ ಬೆಲ್ಲದ ಉಂಡೆಯಂತೆ ಗಟ್ಟಿಯಾಗಿತ್ತು. ಅದರ ಶಕ್ತಿ ಎಷ್ಟು ಉಳಿದಿದೆಯೋ ನಂಬುವ ಹಾಗಿಲ್ಲ. ಮುಂದಿನ ಸಲ ಸಣ್ಣ ಸಣ್ಣ ಪೊಟ್ಟಣ ಮಾಡಿ ಡಬ್ಬದೊಳಗೆ ಹಾಕಬೇಕು.

ಮೇ ಕೊನೆಗೆ ರಾತ್ರಿ ಎರಡು ಗಂಟೆಗೆ ಟೀಚರ್ ವಾಟ್ಸ್ಆ್ಯಪ್ ಧ್ವನಿ ಕಳಿಸಿದರು. ಮಾತಿಗಿಂತ ತಗಡಿನ ಮೇಲೆ ಬೀಳುವ ಮಳೆಯ ಸದ್ದೇ ಜಾಸ್ತಿ. ಬೆಳಿಗ್ಗೆ ಅಂಕಿ ಬಂತು. ಕೊಳೆ ಪೈಪಿನ ನೀರು 480, ಟ್ಯಾಂಕಿನದು 35. ಬಾವಿಯ ಬಾಟಲಿ ಎರಡನೇ ದಿನ ಕಪ್ಪಾಯಿತು. ಬಾವಿಯಿಂದ ಸೆಪ್ಟಿಕ್ ಗುಂಡಿ ದೂರವಿಲ್ಲ, ಹವಳದ ಮರಳು ಹೆಚ್ಚೇನನ್ನೂ ಸೋಸಿ ನಿಲ್ಲಿಸುವುದಿಲ್ಲ. ಆ ನೀರು ತೊಳೆಯಲು ಮಾತ್ರ, ಕುಡಿಯುವುದಾದರೆ ಕುದಿಸಿ ಎಂದು ಬಾವಿಯ ಕಟ್ಟೆಗೆ ಬರೆಸಿದರು. ಟ್ಯಾಂಕಿನ ಬಾಟಲಿಗಳಲ್ಲಿ ಹನ್ನೊಂದು ತಿಳಿಯಾಗಿ ಉಳಿದವು. ಒಂದು ಕಪ್ಪಾಯಿತು, ಮುಚ್ಚಳದ ಜಾಳಿಗೆ ಹಾಕದೆ ಬಿಟ್ಟಿದ್ದ ಮನೆ. ಜಾಳಿಗೆ ಆ ಮನೆಯ ಗೋಣಿಯಲ್ಲೇ ಇತ್ತು. ಅದರಲ್ಲಿ ಅವರು ಹಸಿಮೆಣಸು ಒಣಗಿಸುತ್ತಿದ್ದರು.

9ನೇ ನಂಬರಿನ ಮನೆಯ ಟ್ಯಾಂಕ್ ನಳ್ಳಿಯ ಬುಡದಲ್ಲಿ ಸೋರುತ್ತಿದೆ, ದಿನಕ್ಕೆ ಒಂದು ಚೊಂಬು. ರಬ್ಬರ್ ವಾಷರ್ ಹೋಗಿದೆ. ಸದ್ಯಕ್ಕೆ ಸೈಕಲ್ ಟ್ಯೂಬ್ ಕತ್ತರಿಸಿ ಕೂರಿಸಿದ್ದಾರೆ, ಅಡಿಯಲ್ಲಿ ಒಂದು ತಂಬಿಗೆ ಇಟ್ಟಿದ್ದಾರೆ. ಸೆಪ್ಟೆಂಬರಿನ ಮೊದಲ ಮಂಜಿಗೆ ಗೋಣಿ ಕಟ್ಟುತ್ತಿದ್ದೇನೆ. ಎರಡು ಅಳತೆಯ ವಾಷರ್ ತಲಾ ಆರು, ಬ್ಲೀಚಿಂಗ್ ಪೊಟ್ಟಣ, ಒಂದು ಹೆಚ್ಚಿನ ಜಾಳಿಗೆ, ಮೆಣಸು ಒಣಗಿಸಲು ಇನ್ನೊಂದು. ಮತ್ತೆ ಚಹಾದ ಅಂಗಡಿಗೆ ಒಂದು ಸ್ಟೀಲ್ ತಟ್ಟೆ.